ನಲವತ್ತೆರಡನೆಯ ಕೆಡೆಟ್

ಜೂನ್ ೩

ಮಾವನಿಗೆ ನಿಮ್ಮ ಇಲಿಮರಿಯ ನಮಸ್ಕಾರ.

ಕೊನೆಗೂ ಕೆಲಸ ಸಿಕ್ಕಿತು. ಎಲ್ಲಿ ಎಂದು ಹೇಳಿದರೆ ನೀವು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೀರಿ. ನೀವು ಓದಿದ ನೌಕಾ ಅಧಿಕಾರಿಗಳ ಕಾಲೇಜಿನಲ್ಲೇ, ಗ್ರಂಥಾಲಯದಲ್ಲಿ. ಬರುವ ನವೆಂಬರಿಗೆ ಕಾಲೇಜಿಗೆ ಎಪ್ಪತ್ತೈದು ತುಂಬುತ್ತದೆ. ಇಲ್ಲಿಂದ ಹೊರಟು ಹೆಸರು ಮಾಡಿದವರ ಬಗ್ಗೆ ಒಂದು ಪುಸ್ತಕ ತರಬೇಕೆಂದು ಕಮಾಂಡೆಂಟ್ ಸಾಹೇಬರಿಗೆ ಆಸೆ. ಆ ಕೆಲಸ ನನ್ನ ತಲೆಗೆ ಬಂದಿದೆ.

ಊಟದ ಹಾಲಿನಿಂದ ತರಗತಿಗಳಿಗೆ ಹೋಗುವ ಪಡಸಾಲೆ ನಿಮಗೆ ನೆನಪಿರಬೇಕು. ಅದರ ಎಡಗೋಡೆಯ ಮೇಲೆ ಈಗ ಮೂವತ್ತೊಂದು ಚಿತ್ರಗಳಿವೆ. ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿ ಸುತ್ತಿದವರು, ಸಮುದ್ರದ ತಳವನ್ನು ಅಳೆದವರು, ನೌಕರಿ ಬಿಟ್ಟು ಆಸ್ಪತ್ರೆ ಹಡಗು ಕಟ್ಟಿದವರು. ಹದಿನೇಳನೆಯವರು ನೀವು. 'ದಿಕ್ಸೂಚಿ ಕೆಟ್ಟ ಹಡಗನ್ನು ನಕ್ಷತ್ರಗಳನ್ನೇ ನಂಬಿ ದಡಕ್ಕೆ ತಂದು ಮುನ್ನೂರ ಹನ್ನೆರಡು ಜೀವ ಉಳಿಸಿದವರು' ಎಂದು ಕೆಳಗೆ ಬರೆದಿದೆ. ಪರೀಕ್ಷೆಗೆ ಹೋಗುವ ಕೆಡೆಟ್‌ಗಳು ನಿಮ್ಮ ಚೌಕಟ್ಟನ್ನು ಮುಟ್ಟಿಕೊಂಡು ಹೋಗುತ್ತಾರೆ. ಬಲಮೂಲೆಯ ಬಣ್ಣ ಪೂರ್ತಿ ಸವೆದುಹೋಗಿದೆ.

'ಅವರು ನನ್ನ ಸೋದರಮಾವ' ಎಂದು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ವಶೀಲಿಯಿಂದ ಬಂದವಳು ಅಂದುಕೊಳ್ಳುತ್ತಾರೆ. ನಿಮ್ಮ ಕಾಲದ ಫೋಟೋ, ನೆನಪು ಏನಿದ್ದರೂ ಕಳಿಸಿ. ಅಪ್ಪನೂ ನಿಮ್ಮ ಬ್ಯಾಚಿನಲ್ಲೇ ಇದ್ದರಲ್ಲ, ಕಣ್ಣಿನ ದೋಷಕ್ಕೆ ಮನೆಗೆ ಕಳಿಸುವ ತನಕ. ಅವರದೂ ಒಂದು ಫೋಟೋ ಸಿಕ್ಕರೆ ಅಮ್ಮನಿಗೆ ಕೊಡಬೇಕೆಂದಿದ್ದೇನೆ. ಅವರು ಹೋಗಿ ನಾಲ್ಕು ವರ್ಷವಾದರೂ ಅಮ್ಮ ಅವರ ನಕ್ಷೆಯ ಮೇಜನ್ನು ಯಾರಿಗೂ ಮುಟ್ಟಗೊಡುವುದಿಲ್ಲ.

ಇಲಿಮರಿ


ಜೂನ್ ೧೧

ಇಲಿಮರಿಗೆ ಮಾವನ ಆಶೀರ್ವಾದ.

ನಿನ್ನ ಕಾಗದ ಓದಿ ನಿಜಕ್ಕೂ ನೆಟ್ಟಗೆ ಕೂತೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಹಾಗೆ ಕೂರುವುದು ಸುಲಭವಲ್ಲ. ನಾನೀಗ ಊರುಗೋಲಿನ ಕ್ಯಾಪ್ಟನ್. ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಹಾಸಿಗೆಗೆ ದಿನಕ್ಕೆರಡು ಸಮುದ್ರಯಾನ.

ನನ್ನ ಬಗ್ಗೆ ಟೈಪ್ ಮಾಡಿಸಿದ ಎರಡು ಪುಟ ಇದರ ಜೊತೆಗಿದೆ. ಎಲ್ಲ ಕಡೆ ಇದನ್ನೇ ಕೊಡುತ್ತೇನೆ. ನೀನೂ ಇದನ್ನೇ ಹಾಕು. ಹಳೆಯ ಕಡತಗಳನ್ನು ಕೆದಕುವ ತಾಪತ್ರಯ ಬೇಡ. ಆ ದಾಖಲೆ ಕೋಣೆಯ ಧೂಳು ನನಗೆ ಗೊತ್ತು, ನಿನ್ನ ಸೀನೂ ಗೊತ್ತು. ಬ್ಯಾಚಿನ ಫೋಟೋ ನನ್ನ ಹತ್ತಿರ ಇಲ್ಲ. ಮನೆ ಬದಲಿಸುವಾಗ ಎಲ್ಲೋ ಹೋಯಿತು.

ನಿಮ್ಮಪ್ಪನ ವಿಷಯದಲ್ಲಿ ಅಲ್ಲೇನೂ ಸಿಗಲಾರದು. ಮಧ್ಯದಲ್ಲಿ ಬಿಟ್ಟವರ ಕಾಗದಪತ್ರ ಇಡುತ್ತಿರಲಿಲ್ಲ. ನಾವೆಲ್ಲ ಅವನನ್ನು ದೀಪಸ್ತಂಭ ಅನ್ನುತ್ತಿದ್ದೆವು. ಸಾಲಿನಲ್ಲಿ ನಿಂತರೆ ಎಲ್ಲರಿಗಿಂತ ಒಂದು ತಲೆ ಮೇಲೆ. ಅವನಿಗೆ ಕಡಲು ಅಷ್ಟಾಗಿ ಒಗ್ಗುತ್ತಿರಲಿಲ್ಲ, ಪಾಪ.

ಮಾವ


ಜೂನ್ ೧೯

ಪ್ರೀತಿಯ ಮಾವ,

ಎರಡು ಪುಟ ತಲುಪಿತು. ಚೆನ್ನಾಗಿದೆ, ಆದರೆ ಅದರಲ್ಲಿ ನೀವಿಲ್ಲ, ನಿಮ್ಮ ಪದಕಗಳಿವೆ.

ಬ್ಯಾಚಿನ ಫೋಟೋ ಇಲ್ಲೇ ಸಿಕ್ಕಿತು. ಎದುರು ಸಾಲಿನಲ್ಲಿ ನೀವು ಬ್ಯಾಚಿನ ಅತ್ಯುತ್ತಮ ಕೆಡೆಟ್‌ಗೆ ಕೊಡುವ ಖಡ್ಗ ಹಿಡಿದು ನಿಂತಿದ್ದೀರಿ. ಹಾಜರಿ ಪುಸ್ತಕದಲ್ಲಿ ಕೊನೆಯ ತಿಂಗಳವರೆಗೆ ನಲವತ್ತೆರಡು ಹೆಸರು, ಫೋಟೋದಲ್ಲಿ ನಲವತ್ತೊಂದು ಮುಖ. ನಲವತ್ತೆರಡನೆಯ ಹೆಸರಿನ ಮೇಲೆ ಸ್ಕೇಲು ಇಟ್ಟು ಕೆಂಪು ಗೆರೆ ಎಳೆದಿದ್ದಾರೆ. ಅದು ಅಪ್ಪನ ಹೆಸರು. ಹಾಗಾದರೆ ಅವರು ಮಧ್ಯದಲ್ಲಿ ಬಿಟ್ಟವರಲ್ಲ. ಪದವಿಗೆ ಒಂಬತ್ತು ದಿನ ಇರುವಾಗ ಹೋದವರು.

ಇನ್ನೊಂದು ಮಾತು. ನೀವು ಇಡುತ್ತಿರಲಿಲ್ಲ ಎಂದ ಕಾಗದಗಳನ್ನು ಇಲ್ಲಿ ಇಟ್ಟಿದ್ದಾರೆ. ಅಪ್ಪನ ಕಣ್ಣಿನ ಪರೀಕ್ಷೆಯ ಚೀಟಿ ಇದೆ. ಕೊನೆಯ ತಿಂಗಳದ್ದು. ಎರಡೂ ಕಣ್ಣು ನಿರ್ದೋಷ ಎಂದು ಡಾಕ್ಟರ ಸಹಿ. ಯೋಚಿಸಿದರೆ ನನಗೇ ನಗು ಬರುತ್ತದೆ. ಬಂದರಿನ ನಕ್ಷೆ ಕಚೇರಿಯಲ್ಲಿ ಮೂವತ್ತು ವರ್ಷ ಕೂದಲಿನಂಥ ನಿಬ್ಬಿನಿಂದ ಹೊಸ ಬಂಡೆ, ಹೊಸ ತೇಲುಗುರುತು ತಿದ್ದುತ್ತಿದ್ದ ಮನುಷ್ಯನಿಗೆ ಕಣ್ಣು ಸರಿಯಿಲ್ಲ ಎಂದರೆ ನಾವು ನಂಬಿಕೊಂಡಿದ್ದೆವಲ್ಲ.

ಅಪ್ಪ ಯಾಕೆ ಹೋದರು ಮಾವ? ನಿಮಗೆ ಗೊತ್ತಿರಲೇಬೇಕು. ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ ಎಂದು ರಿಜಿಸ್ಟರ್ ಹೇಳುತ್ತದೆ.

ಇಲಿಮರಿ


ಜುಲೈ ೧೪

ಇಲಿಮರಿಗೆ,

ಉತ್ತರ ತಡವಾಯಿತು. ಕಾಲು ನೋವು.

ಮೂವತ್ತೊಂಬತ್ತು ವರ್ಷದ ಹಿಂದಿನ ಮಾತು. ಮರೆತಿದ್ದೇನೆ ಅನ್ನುವುದಿಲ್ಲ, ಆದರೆ ಕಾಗದದಲ್ಲಿ ಬರೆಯುವಂಥದ್ದಲ್ಲ. ದಾಖಲೆ ಕೋಣೆಯ ಬೀಗದ ಕೈ ನಿನಗೆ ಕೊಟ್ಟವರು ಯಾರು? ಹಳೆಯ ಕಡತ ನೋಡಲು ಕಮಾಂಡೆಂಟೇ ಹೇಳಿದರೋ, ನೀನೇ ಹೋದೆಯೋ? ಅಥವಾ ಪತ್ರಿಕೆಯವರು ಯಾರಾದರೂ ಹಿಂದೆ ಬಿದ್ದಿದ್ದಾರೋ? ಚಿತ್ರ ಹಾಕುವ ಮೊದಲು ಮನುಷ್ಯನನ್ನು ತೂಗಿ ನೋಡುವ ಜನ ಈಗ ಎಲ್ಲ ಕಡೆ ಇದ್ದಾರೆ.

ಹೊಸ ಕೆಲಸ. ಒಪ್ಪಿಸಿದ್ದನ್ನು ಮಾಡಿಕೊಂಡು ಇರುವುದು ಒಳ್ಳೆಯದು. ನಿನ್ನೆ ನಿಮ್ಮ ಕಮಾಂಡೆಂಟ್ ಜೊತೆ ಫೋನಿನಲ್ಲಿ ಮಾತಾಡಿದೆ. ಒಳ್ಳೆಯ ಮನುಷ್ಯ.

ಮಾವ


ಜುಲೈ ೨೩

ಮಾನ್ಯರೇ,

ನೀವು ಕಮಾಂಡೆಂಟರ ಜೊತೆ ಮಾತಾಡಿದ್ದು ಹದಿಮೂರಕ್ಕೆ. ಹದಿನೈದಕ್ಕೆ ಕಚೇರಿಯ ಜವಾನ ಬಂದು, "ಮೇಡಂ, ದಾಖಲೆ ಕೋಣೆ ಕೀ ಕೊಡ್ಬೇಕಂತೆ," ಎಂದ. ಯಾಕೆ ಎಂದು ಕೇಳಿದೆ. "ನಂಗೇನು ಗೊತ್ತು, ಮೇಲಿಂದ ಹೇಳಿದ್ದಾರೆ," ಎಂದ. ಮೇಲಿನಿಂದ ಎಂದರೆ ಎಷ್ಟು ಮೇಲಿನಿಂದ ಎಂದು ನಾನು ಕೇಳಲಿಲ್ಲ.

ಆದರೆ ನಿಮಗೆ ಸ್ವಲ್ಪ ತಡವಾಯಿತು. ಅದಕ್ಕೆ ಎರಡು ದಿನ ಮೊದಲೇ ನನಗೆ ಬೇಕಾದದ್ದು ಸಿಕ್ಕಿತ್ತು. ಕೊನೆಯ ಪರೀಕ್ಷೆಯ ಎರಡು ಉತ್ತರಪತ್ರಿಕೆ, ಒಂದೇ ದಾರದಲ್ಲಿ ಕಟ್ಟಿಟ್ಟದ್ದು. ಒಂದು ಅಪ್ಪನದು, ಇನ್ನೊಂದು ನಿಮ್ಮದು. ಮೂರು ನಕ್ಷತ್ರಗಳ ಎತ್ತರ ಕೊಟ್ಟು ಹಡಗು ಎಲ್ಲಿದೆ ಎಂದು ಕಂಡುಹಿಡಿಯುವ ಲೆಕ್ಕ. ಇಲ್ಲಿನ ಮೇಷ್ಟರೊಬ್ಬರಿಗೆ ಹೆಸರು ಮುಚ್ಚಿ ತೋರಿಸಿದೆ. ಉಪಕರಣದ ದೋಷವನ್ನು ಕೂಡಬೇಕಾದಲ್ಲಿ ಇಬ್ಬರೂ ಕಳೆದಿದ್ದೀರಂತೆ. ಇಬ್ಬರ ಹಡಗೂ ದಡದಿಂದ ಎಂಟು ಮೈಲಿ ಒಳಗೆ, ಒಂದೇ ಗುಡ್ಡದ ಮೇಲೆ ಹತ್ತಿ ಕೂತಿದೆ. "ಒಬ್ರು ಗುಡ್ಡ ಹತ್ತೋದು ಸಹಜ. ಇಬ್ರೂ ಅದೇ ಗುಡ್ಡ ಹತ್ತೋದು ಕಷ್ಟ," ಎಂದು ಅವರು ನಕ್ಕರು.

ಅಪ್ಪನ ಹಾಳೆಯ ತುಂಬ ಕಾಟು. ಎರಡು ಸಲ ಕೂಡಿ, ಒಮ್ಮೆ ಹೊಡೆದು, ಮತ್ತೆ ಬರೆದಿದ್ದಾರೆ. ನಿಮ್ಮ ಹಾಳೆಯಲ್ಲಿ ಒಂದು ಕಾಟೂ ಇಲ್ಲ, ಮದುವೆ ಪತ್ರಿಕೆಯ ಹಾಗಿದೆ. ಯಾರು ಯೋಚಿಸಿ ಬರೆದರು, ಯಾರು ನೋಡಿ ಬರೆದರು ಎಂದು ಹೇಳಲು ಮೇಷ್ಟರು ಬೇಕಾಗಿಲ್ಲ.

ಆಮೇಲೆ ನೀವು ಅಡ್ಮಿರಲ್ ಆದಿರಿ. ಅಪ್ಪ ನಿಮ್ಮ ಹಡಗುಗಳಿಗೆ ನಕ್ಷೆ ತಿದ್ದಿ ಕಳಿಸಿದರು. ನಮ್ಮ ಹಾಲಿನಲ್ಲಿ ನಿಮ್ಮ ಸಮವಸ್ತ್ರದ ಫೋಟೋ ಇತ್ತು, ಅಪ್ಪನೇ ಮೊಳೆ ಹೊಡೆದು ಹಾಕಿದ್ದರು. ಅಮ್ಮನನ್ನು ಅವರಿಗೆ ಕೊಟ್ಟದ್ದು ಕೂಡ ಬಾಯಿ ಮುಚ್ಚಿಸುವುದಕ್ಕೇ ಏನು?

ಗ್ರಂಥಪಾಲಕಿ


ಜುಲೈ ೩೦

ನಿನ್ನ ಪತ್ರ ತಲುಪಿತು. 'ಮಾನ್ಯರೇ' ಎಂಬುದೂ ತಲುಪಿತು.

ಬೀಗದ ಕೈ ಕಸಿಯಿರಿ ಎಂದು ನಾನು ಯಾರಿಗೂ ಹೇಳಿಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ನನಗೂ ಒಂದು ಅನುಮಾನವಿದೆ, ಕೇಳಿಬಿಡುತ್ತೇನೆ. ಮೂವತ್ತೊಂಬತ್ತು ವರ್ಷ ಯಾರೂ ಬಿಚ್ಚದ ದಾರವನ್ನು ನೀನು ಕೆಲಸಕ್ಕೆ ಸೇರಿ ಆರು ವಾರದಲ್ಲಿ ಬಿಚ್ಚಿದ್ದೀಯೆ. ಎಲ್ಲ ಬಿಟ್ಟು ಆ ಕಾಲೇಜಿಗೇ ಅರ್ಜಿ ಹಾಕಿದ್ದು ಯಾಕೆ? ನಿಮ್ಮಮ್ಮ ಕಳಿಸಿದಳೇ? ನಿಮ್ಮಪ್ಪ ಸಾಯುವ ಮುಂಚೆ ಅವಳಿಗೆ ಏನಾದರೂ ಹೇಳಿದನೇ? ಅವಳು ನನಗೆ ಫೋನ್ ಮಾಡಿ ತಿಂಗಳಾಯಿತು. ಮೊದಲು ಪ್ರತಿ ಭಾನುವಾರ ಮಾಡುತ್ತಿದ್ದಳು.

ಮದುವೆಯ ವಿಷಯ ಮಾತ್ರ ತಪ್ಪು ತಿಳಿದಿದ್ದೀಯೆ. ಅವಳನ್ನು ಯಾರೂ ಯಾರಿಗೂ ಕೊಡಲಿಲ್ಲ. ಅವಳೇ ಅವನನ್ನು ಆರಿಸಿಕೊಂಡಳು. ಬೇಡ ಎಂದು ಹಟ ಹಿಡಿದವನು ನಾನು. ಬೇಕಿದ್ದರೆ ಅವಳನ್ನೇ ಕೇಳು. ಯಾಕೆ ಬೇಡ ಎಂದೆ ಅಂತ ಮಾತ್ರ ಅವಳಿಗೂ ಗೊತ್ತಿಲ್ಲ.

ಮಾವ


ಆಗಸ್ಟ್ ೧೭

ಮಾವ,

ಈ ಪತ್ರ ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಮೊದಲು ಬೀಗದ ಕೈ. ಅದನ್ನು ತೆಗೆದುಕೊಂಡದ್ದು ಗೆದ್ದಲಿಗೆ ಔಷಧಿ ಹೊಡೆಸಲು. ನನ್ನದೊಂದೇ ಅಲ್ಲ, ಆ ಸಾಲಿನ ಎಂಟು ಕೋಣೆಯ ಕೀಗಳನ್ನೂ ತೆಗೆದುಕೊಂಡಿದ್ದರು. ಮೂರು ವಾರ ಆದ ಮೇಲೆ ಜವಾನ ವಾಪಸು ತಂದುಕೊಟ್ಟ. "ಕಿಟಕಿ ತೆಗೆದಿಟ್ಟು ಒಳಗೆ ಹೋಗಿ ಮೇಡಂ, ತಲೆ ಸುತ್ತುತ್ತೆ," ಎಂದ. ಮೊದಲ ದಿನವೇ ಹಾಗೆಂದು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಇನ್ನು, ನವೆಂಬರಿನ ಸಮಾರಂಭಕ್ಕೆ ನೀವೇ ಮುಖ್ಯ ಅತಿಥಿ ಎಂದು ಕಮಾಂಡೆಂಟ್ ಸಾಹೇಬರು ವೇದಿಕೆಗೆ ಇಳಿಜಾರು ಹಾದಿ ಮಾಡಿಸುತ್ತಿದ್ದಾರೆ. "ಅಡ್ಮಿರಲ್ ಸಾಹೇಬ್ರು ಫೋನ್ ಮಾಡಿದ್ರು, ಅವರಿಗೆ ಮೆಟ್ಟಿಲು ಹತ್ತೋಕೆ ಆಗಲ್ವಂತೆ," ಎಂದರು. ನಿಮ್ಮ ಫೋನಿನ ಗುಟ್ಟು ಅಷ್ಟೇ.

ಅಮ್ಮ ನನ್ನನ್ನು ಕಳಿಸಿಲ್ಲ. ಜಾಹೀರಾತು ನೋಡಿದೆ, ಅರ್ಜಿ ಹಾಕಿದೆ. ಫೋನ್ ಮಾಡದಿದ್ದುದಕ್ಕೆ ಕಾರಣ ನಾನೇ. ನಾನು ಇಲ್ಲಿ ಹುಡುಕಿದ್ದನ್ನು ಹೇಳಿರಲಿಲ್ಲ, ಆದರೆ ನಿಮ್ಮ ಮಾತು ಬಂದಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ಅವರು ಏನೋ ಇದೆ ಎಂದುಕೊಂಡು ಸುಮ್ಮನಾಗಿದ್ದಾರೆ.

ಈಗ ದೊಡ್ಡ ವಿಷಯ. ಗೆದ್ದಲು ಹತ್ತಿದ ಕಪಾಟನ್ನು ಸರಿಸಿದಾಗ ಹಿಂದೆ ವಿಚಾರಣೆಯ ಕಡತ ಸಿಕ್ಕಿತು. ಮೂವರು ಅಧಿಕಾರಿಗಳ ಮಂಡಳಿ. ಅದರಲ್ಲಿ ಅಪ್ಪನ ಹೇಳಿಕೆ ಇದೆ: 'ನಾನು ಪಕ್ಕದವನನ್ನು ನೋಡಿ ಬರೆದೆ. ಅವನಿಗೆ ಗೊತ್ತಿಲ್ಲ.' ಅದರ ಕೆಳಗೇ ನಿಮ್ಮ ಹೇಳಿಕೆ, ಅದೇ ದಿನದ್ದು: 'ನೋಡಿ ಬರೆದವನು ನಾನು. ಶಿಕ್ಷೆ ನನಗೇ ಆಗಬೇಕು.' ಮಂಡಳಿ ಅಪ್ಪನ ಮಾತನ್ನು ಒಪ್ಪಿ ನಿಮ್ಮ ಮಾತನ್ನು ಬದಿಗಿಟ್ಟಿದೆ. ನಿಮ್ಮ ಬಗ್ಗೆ ಅಧ್ಯಕ್ಷರು ಬರೆದ ಷರಾ ಹೀಗಿದೆ: 'ಗೆಳೆಯನಿಗಾಗಿ ತನ್ನನ್ನೇ ಒಡ್ಡಿಕೊಳ್ಳುವ ಗುಣ. ಇಂಥವರು ಹಡಗಿಗೆ ಬೇಕು.'

ನೀವು ಒಪ್ಪಿಕೊಂಡಿದ್ದಿರಿ. ಅವರು ನಂಬಲಿಲ್ಲ. ಇಷ್ಟು ವರ್ಷ ಅದನ್ನು ಒಬ್ಬರೇ ಹೊತ್ತುಕೊಂಡಿರಿ. ನಾನು ಆ ಮದುವೆ ಮಾತು ಬರೆದದ್ದಕ್ಕೆ ನನ್ನ ಕೈ ಮುರಿಯಬೇಕು. ದಯವಿಟ್ಟು ಕ್ಷಮಿಸಿ. ಪುಸ್ತಕದಲ್ಲಿ ನಿಮ್ಮ ಪುಟಕ್ಕೆ ಈ ಹೇಳಿಕೆಯನ್ನೂ ಸೇರಿಸಬೇಕೆಂದಿದ್ದೇನೆ. ಅಪ್ಪನ ಹೆಸರೂ ತೊಳೆದಂತಾಗುತ್ತದೆ, ನಿಮ್ಮದೂ ಎತ್ತರವಾಗುತ್ತದೆ. ಒಪ್ಪಿಗೆ ಕೊಡಿ.

ನಿಮ್ಮ ಇಲಿಮರಿ


ಸೆಪ್ಟೆಂಬರ್ ೨೧

ಇಲಿಮರಿಗೆ,

ಐದು ವಾರ ಈ ಕಾಗದ ಬರೆದು ಹರಿದು ಬರೆದಿದ್ದೇನೆ. ನೀನು ಕ್ಷಮೆ ಕೇಳಿದ ಪತ್ರ ಮೇಜಿನ ಮೇಲಿದೆ. ಅದಕ್ಕೆ 'ಇರಲಿ ಬಿಡು ಮಗಳೇ' ಎಂದು ಒಂದು ಸಾಲು ಬರೆದರೆ ಸಾಕಿತ್ತು. ಎಲ್ಲ ಮುಗಿಯುತ್ತಿತ್ತು. ಎರಡು ಸಲ ಬರೆದೆ ಕೂಡ. ಒಂದು ಲಕೋಟೆಗೆ ಅಂಚೆಚೀಟಿಯನ್ನೂ ಅಂಟಿಸಿದ್ದೆ.

ನಡೆದದ್ದು ಇದು. ಪರೀಕ್ಷೆಗೆ ಮೊದಲಿನ ವಾರಗಳನ್ನೆಲ್ಲ ನಾನು ದೋಣಿ ಪಂದ್ಯದ ತಂಡದ ಜೊತೆ ಕಳೆದಿದ್ದೆ. ನಕ್ಷತ್ರದ ಲೆಕ್ಕ ನನಗೆ ಬರುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ದೀಪಸ್ತಂಭ ಕೂತಿದ್ದ. ನಾನು ಗಂಟಲು ಸರಿಮಾಡಿದೆ, ಅವನು ಹಾಳೆಯನ್ನು ಓರೆ ಮಾಡಿದ. ಅವನ ತಪ್ಪಿನ ಸಮೇತ ಇಳಿಸಿಕೊಂಡೆ. ತೋರಿಸಿದವನೂ ನೋಡಿದವನೂ ಇಬ್ಬರೂ ಹೊರಗೆ ಎಂಬುದು ನಿಯಮ. ವಿಚಾರಣೆಯ ದಿನ ಕೋಣೆಯಲ್ಲಿ ಅವನು ಬೂಟು ಉಜ್ಜುತ್ತ ಹೇಳಿದ: "ಇಬ್ರೂ ಯಾಕೆ ಹೋಗ್ಬೇಕು? ನಾನು ನೋಡಿ ಬರ್ದೆ ಅಂತೀನಿ. ನಿಂಗೆ ಗೊತ್ತೇ ಇರ್ಲಿಲ್ಲ ಅಂತೀನಿ. ನೀನು ಬಾಯಿ ತೆಗೀಬೇಡ." ನಾನು ಬೇಡ ಎಂದೆ. ಅವನು ಬರೆದುಕೊಟ್ಟ ಮೇಲೆ ನಾನೂ ಹೋಗಿ ಬರೆದುಕೊಟ್ಟೆ. ಇಲ್ಲಿಯವರೆಗೆ ನಿನ್ನ ಕಡತ ಸುಳ್ಳು ಹೇಳುವುದಿಲ್ಲ.

ಮಾರನೆಯ ಬೆಳಿಗ್ಗೆ ಅಧ್ಯಕ್ಷರು ನನ್ನೊಬ್ಬನನ್ನೇ ಕರೆಸಿದರು. ಮೇಜಿನ ಮೇಲೆ ಎರಡೂ ಹೇಳಿಕೆ ಇದ್ದವು. ನಮ್ಮ ತಂಡ ದೋಣಿ ಪಂದ್ಯ ಗೆದ್ದಾಗ ನನ್ನ ಬೆನ್ನು ತಟ್ಟಿದ್ದವರು ಅವರು. ಕೇಳಿದರು:

"ಇದು ನಿಜಾನೋ, ಇಲ್ಲ ಸ್ನೇಹಿತನ್ನ ಉಳಿಸೋಕೆ ಬರ್ದಿದ್ದೋ? ಯೋಚ್ನೆ ಮಾಡಿ ಹೇಳು. ಒಂದ್ಸಲ ಮಾತ್ರ ಕೇಳ್ತೀನಿ."

ಅದು ಪ್ರಶ್ನೆಯಲ್ಲ, ನನಗಾಗಿ ತೆಗೆದಿಟ್ಟ ಬಾಗಿಲು ಎಂದು ನನಗೆ ಗೊತ್ತಿತ್ತು. ಗಡಿಯಾರ ನೋಡಿದೆ. ಒಂಬತ್ತು ಹತ್ತಾಗಿತ್ತು.

"ಸ್ನೇಹಕ್ಕೆ ಬರ್ದೆ ಸಾರ್," ಎಂದೆ.

ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಹೇಳಿಕೆಯನ್ನು ಕಡತದಿಂದ ತೆಗೆಯಲೂ ಇಲ್ಲ. ನೀನು ಓದಿದ ಆ ಷರಾ ಬರೆದದ್ದು ಅದಾದ ಐದು ನಿಮಿಷಕ್ಕೆ, ನನ್ನ ಕಣ್ಣೆದುರಿಗೇ. ಆ ಷರಾದ ಮೇಲೆಯೇ ನನಗೆ ಖಡ್ಗ ಬಂತು.

ಅವನು ಮಧ್ಯಾಹ್ನದ ಬಸ್ಸಿಗೆ ಹೋದ. ನನ್ನ ಹೇಳಿಕೆಯನ್ನು ಮಂಡಳಿ ನಂಬಲಿಲ್ಲ ಎಂದಷ್ಟೇ ಅವನಿಗೆ ಗೊತ್ತಿದ್ದದ್ದು. "ಅಷ್ಟಾದ್ರೂ ಬರ್ದೆಯಲ್ಲ, ಸಾಕು," ಎಂದು ನನ್ನ ಭುಜ ಹಿಡಿದ. ಕೊನೆಯವರೆಗೂ ಹಾಗೇ ನಂಬಿದ್ದ. ನಿಮ್ಮಮ್ಮ ಅವನನ್ನು ಮದುವೆಯಾಗುತ್ತೇನೆ ಎಂದಾಗ ನಾನು ಬೇಡ ಎಂದದ್ದು ಅದಕ್ಕೇ. ತಂಗಿಯ ಮನೆಗೆ ಹೋದಾಗಲೆಲ್ಲ ಅವನೇ ಬಾಗಿಲು ತೆಗೆಯುತ್ತಾನಲ್ಲ ಎಂದು. ಅವನಿಗೆ ಕಡಲು ಒಗ್ಗುತ್ತಿರಲಿಲ್ಲ ಎಂದು ನಿನಗೆ ಬರೆದೆ. ಸುಳ್ಳು. ನಮ್ಮ ಬ್ಯಾಚಿನಲ್ಲಿ ಒಮ್ಮೆಯೂ ವಾಂತಿ ಮಾಡಿಕೊಳ್ಳದವನು ಅವನೊಬ್ಬನೇ. ಆ ಸುಳ್ಳನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೆ ಎಂದರೆ, ನಿನಗೆ ಬರೆಯುವಾಗ ಪೆನ್ನು ತಡವರಿಸಲೂ ಇಲ್ಲ.

ಮುನ್ನೂರ ಹನ್ನೆರಡು ಜನರನ್ನು ದಡ ಸೇರಿಸಿದ್ದು ಮಾತ್ರ ನಿಜ. ಕಾಲೇಜು ಬಿಟ್ಟ ಮೇಲೆ ಇಪ್ಪತ್ತು ವರ್ಷ ದಿನಾ ಆ ಲೆಕ್ಕ ಮಾಡಿದೆ, ಹುಚ್ಚು ಹಿಡಿದವನ ಹಾಗೆ. ಅದರಿಂದ ಇದು ತೊಳೆದುಹೋಗುತ್ತದೆ ಎಂದು ನಾನು ವಾದಿಸುವುದಿಲ್ಲ.

ನನ್ನ ಚಿತ್ರ ತೆಗೆಸು. ಈ ಕಾಗದವನ್ನು ಕಮಾಂಡೆಂಟರಿಗೆ ತೋರಿಸು. ನಿಮ್ಮಮ್ಮನಿಗೂ ಓದಿ ಹೇಳು. ನನ್ನ ಬಾಯಿಂದ ಆಗುವುದಿಲ್ಲ.

ಮಾವ


ಅಕ್ಟೋಬರ್ ೨

ಮಾವನವರಿಗೆ,

ಕಮಾಂಡೆಂಟರಿಗೆ ತೋರಿಸಿದೆ. ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಚಿತ್ರ ತೆಗೆಯಲ್ಲ. ಹಡಗು ದಡಕ್ಕೆ ತಂದವರು ಅವರೇ ತಾನೆ," ಎಂದರು. "ಪುಸ್ತಕದಲ್ಲಿ ಹಾಕೋಕೆ ಈ ಕಾಗದ ಒಂದೇ ಸಾಕಾಗಲ್ಲ. ಮುಖ್ಯ ಅತಿಥಿ ಅವರೇ. ವೇದಿಕೆ ಮೇಲೆ ಅವರು ಏನು ಮಾತಾಡ್ತಾರೋ ಅದನ್ನ ನಾನು ತಡೆಯೋಕಾಗಲ್ಲ."

ಅಮ್ಮನಿಗೆ ನಾನು ಓದಿ ಹೇಳುವುದಿಲ್ಲ. ನಿಮ್ಮ ಬದಲು ಮಾತಾಡುವ ಕೆಲಸ ನಮ್ಮ ಮನೆಯಲ್ಲಿ ಒಬ್ಬರು ಮಾಡಿದ್ದು ಸಾಕು.

ಅಮ್ಮನಿಗೂ ನನಗೂ ಸಮಾರಂಭದ ಆಮಂತ್ರಣ ಬಂದಿದೆ. ಮೂರನೆಯ ಸಾಲು. ನೀವು ಬರುತ್ತೀರೆಂದು ನನಗೆ ನಂಬಿಕೆಯಿಲ್ಲ. ಬಂದರೂ ಆ ಟೈಪ್ ಮಾಡಿಸಿದ ಎರಡು ಪುಟವನ್ನೇ ಓದಿ ಇಳಿಯುತ್ತೀರೇನೋ. ನೋಡೋಣ.

ಗ್ರಂಥಪಾಲಕಿ


ನವೆಂಬರ್ ೧೨

ಮಾವ,

ನೀವು ಮಾತು ಮುಗಿಸಿ ಪಕ್ಕದ ಬಾಗಿಲಿನಿಂದ ಹೊರಟುಹೋದಿರಿ. ಹಾಗಾಗಿ ನೀವು ನೋಡದೆ ಹೋದದ್ದನ್ನು ಬರೆಯುತ್ತಿದ್ದೇನೆ.

ಮೈಕಿನ ಮುಂದೆ ನಿಂತು ನೀವು ಜೇಬಿನಿಂದ ಹಾಳೆ ತೆಗೆದಾಗ, ಅದೇ ಎರಡು ಪುಟ ಎಂದುಕೊಂಡು ನಾನು ಹಲ್ಲು ಕಚ್ಚಿದೆ. ನೀವು ಅಪ್ಪನ ಹೆಸರನ್ನು ಪೂರ್ತಿಯಾಗಿ, ಅವರ ಕ್ರಮಸಂಖ್ಯೆಯ ಸಮೇತ ಹೇಳಿದಾಗಲೂ ನಂಬಲಿಲ್ಲ. 'ಒಂಬತ್ತು ಹತ್ತಾಗಿತ್ತು' ಎಂದಾಗ ನಂಬಿದೆ. ನೀವು ಇಳಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಕೆಡೆಟ್ ಒಬ್ಬಳು ಎದ್ದು ನಿಂತಳು. ಅವಳ ಪಕ್ಕದವರು ನಿಂತರು. ಹಾಗೇ ಹಾಲೆಲ್ಲ ಎದ್ದು ನಿಂತಿತು. ಅದು ನಿಮಗೋ ಅಪ್ಪನಿಗೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಅಮ್ಮ ಮಾತ್ರ ಏಳಲಿಲ್ಲ. ಕೈಚೀಲ ತಬ್ಬಿಕೊಂಡು ಕೂತೇ ಇದ್ದರು. ಎಲ್ಲರೂ ಹೋದ ಮೇಲೆ ಮುಂದಿನ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತರು. ನೀವು ಆ ಕಡೆಯಿಂದ ಬರುತ್ತೀರಿ ಎಂದುಕೊಂಡಿದ್ದರು. ನಿನ್ನೆ ಸಂಜೆ ಬಟ್ಟೆ ಮಡಿಸುತ್ತ ಒಮ್ಮೆಲೇ ಕೇಳಿದರು: "ಅವರು ಒಂದ್ಸಲಾನೂ ವಾಂತಿ ಮಾಡ್ಕೊಂಡಿರ್ಲಿಲ್ಲ ಅಂದ್ನಲ್ಲ, ನಿಜಾನೇನೇ?" ನಿಜ ಎಂದೆ. "ನಂಗದು ಗೊತ್ತೇ ಇರ್ಲಿಲ್ಲ," ಎಂದು ಅತ್ತರು.

ಆಮೇಲೆ ಮುಖ ತೊಳೆದು ಬಂದು, ನಿಮಗೆ ಬರೆಯಲು ಹೇಳಿದ್ದು ಇದು. ಅವರ ಮಾತಿನಲ್ಲೇ ಇಡುತ್ತೇನೆ: "ಭಾನುವಾರ ಬರೋಕೆ ಹೇಳು. ಕಾಲೇಜಲ್ಲಿದ್ದಾಗ ಅವರು ಹೇಗಿದ್ರು, ಏನ್ ಮಾಡ್ತಿದ್ರು, ಯಾವುದಕ್ಕೆ ನಗ್ತಿದ್ರು, ಎಲ್ಲಾ ಬಂದು ಹೇಳ್ಲಿ. ಗೊತ್ತಿರೋನು ಈಗ ಅವನೊಬ್ನೇ. ತಪ್ಪಾಯ್ತು ಗಿಪ್ಪಾಯ್ತು ಅಂತ ಶುರು ಮಾಡಿದ್ರೆ ಮಾತ್ರ ಎಬ್ಬಿಸಿ ಕಳಿಸಿಬಿಡ್ತೀನಿ."

ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಹೋಗುತ್ತದೆಂದು ಮಾತು ಕೊಡಲೂ ಆರೆ. ನೀವು ಬರುವ ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿಸಿ. ನಿಮ್ಮ ಕಾಲಿಗೆ ನಿಲ್ದಾಣದ ಮೆಟ್ಟಿಲು ಆಗುವುದಿಲ್ಲ, ಹಿಡಿದುಕೊಳ್ಳಲು ನಾನೇ ಬರುತ್ತೇನೆ.

ಇಲಿಮರಿ